ಬಚ್ಚಲುಮನೆ ಯೋಜನೆ: ಮೊದಲು ನೀರಿನ ದಾರಿ, ಆಮೇಲೆ ಟೈಲ್ಸ್

ಬಚ್ಚಲುಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಬಣ್ಣ ಒಪ್ಪಿಗೆಯಾಗುತ್ತದೆ, ಮುಂಗಡವನ್ನೂ ಕೊಟ್ಟಾಗುತ್ತದೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರತೊಡಗುತ್ತದೆ, ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಹಳದಿ ಕಲೆ ಮೂಡುತ್ತದೆ. ಆಗ ಒಡೆದು ತೆಗೆಯಬೇಕಾಗುವುದು ಆಸೆಪಟ್ಟು ಆರಿಸಿದ ಅದೇ ಟೈಲ್ಸನ್ನು.

ಟೈಲ್ಸ್ ನೀರನ್ನು ತಡೆಯುತ್ತದೆ ಎಂಬ ನಂಬಿಕೆ ತಪ್ಪು. ಟೈಲಿನೊಳಗಿಂದ ನೀರು ಇಳಿಯದಿರಬಹುದು, ಆದರೆ ಎರಡು ಟೈಲಿನ ನಡುವಿನ ಸಂದಿಯಿಂದ ಇಳಿದೇ ಇಳಿಯುತ್ತದೆ. ಆದ್ದರಿಂದ ಬಚ್ಚಲಿನ ವಿನ್ಯಾಸವೆಂದರೆ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಟೈಲ್ ಕೆಳಗೆ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ತೀರ್ಮಾನಿಸುವುದು. ಮಿಕ್ಕದ್ದೆಲ್ಲ ಅದರ ಮೇಲೆ ಕೂರುತ್ತದೆ.

ಹೆಜ್ಜೆ 1: ನೆಲದ ಮೇಲೇ ನಕ್ಷೆ ಬರೆಯಿರಿ

ಕಾಗದದ ನಕ್ಷೆ ಬೇಕು, ಆದರೆ ಅದೊಂದೇ ಸಾಲದು. ಖಾಲಿ ಕೋಣೆಯ ನೆಲದಲ್ಲಿ ಸೀಮೆಸುಣ್ಣದಿಂದ ನಿಜವಾದ ಅಳತೆಗೇ ಗೆರೆ ಎಳೆಯಿರಿ. ಕಮೋಡ್ ಬರುವ ಜಾಗದಲ್ಲಿ ಒಂದು ಸ್ಟೂಲ್ ಇಟ್ಟು ಕುಳಿತು ನೋಡಿ. ಮೊಣಕಾಲು ಬೇಸಿನ್‌ಗೆ ತಾಗುತ್ತದೆಯೇ, ಬಾಗಿಲು ತೆರೆದರೆ ಎಲ್ಲಿಗೆ ಬರುತ್ತದೆ, ಶವರ್ ಕೆಳಗೆ ಕೈ ಎತ್ತಿ ತಲೆ ತೊಳೆದುಕೊಳ್ಳಲು ಜಾಗವಿದೆಯೇ ಎಂಬುದೆಲ್ಲ ಐದು ನಿಮಿಷದಲ್ಲಿ ತಿಳಿಯುತ್ತದೆ.

ನೆನಪಿಡಬೇಕಾದ ಅಳತೆಗಳು ಕೆಲವೇ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 15 ಇಂಚು ಇರಬೇಕು, 18 ಇಂಚು ಸಿಕ್ಕರೆ ಆರಾಮ. ಕಮೋಡಿನ ಮುಂದೆ ಕನಿಷ್ಠ 21 ಇಂಚು, ಸಾಧ್ಯವಾದರೆ 24 ಇಂಚು ಖಾಲಿ ಜಾಗ. ಶವರಿಗೆ 30×30 ಇಂಚಿಗಿಂತ ಕಡಿಮೆ ಮಾಡಬೇಡಿ, 3×3 ಅಡಿ ಇದ್ದರೆ ಒಳ್ಳೆಯದು. ಬೇಸಿನ್‌ನ ಮೇಲಂಚು ನೆಲದಿಂದ 32ರಿಂದ 34 ಇಂಚು. ಬಾಗಿಲು ಎರಡೂವರೆ ಅಡಿ.

ಇಲ್ಲೊಂದು ಎಚ್ಚರಿಕೆ. ಈ ಅಳತೆಗಳೆಲ್ಲ ಟೈಲ್ಸ್ ಹಾಕಿ ಮುಗಿದ ಗೋಡೆಯಿಂದ ಹಿಡಿದವು, ಇಟ್ಟಿಗೆ ಗೋಡೆಯಿಂದಲ್ಲ. ಪ್ಲಾಸ್ಟರಿಂಗ್, ಅಂಟು, ಟೈಲ್ ಸೇರಿ ಒಂದೊಂದು ಬದಿಗೆ ಹೆಚ್ಚುಕಡಿಮೆ 30 ಮಿ.ಮೀ. ಹೋಗುತ್ತದೆ. ಇಟ್ಟಿಗೆಯಿಂದ ಇಟ್ಟಿಗೆಗೆ 5 ಅಡಿ ಇದ್ದ ಕೋಣೆ ಕೊನೆಗೆ ನಿಮ್ಮ ಕೈಗೆ ಸಿಗುವುದು 4 ಅಡಿ ಒಂಬತ್ತೂವರೆ ಇಂಚು ಮಾತ್ರ.

5×8 ಅಡಿಯ ಉದ್ದನೆಯ ಕೋಣೆಯಾದರೆ ಬಾಗಿಲಿನಿಂದ ಒಳಕ್ಕೆ ಬೇಸಿನ್, ಕಮೋಡ್, ಶವರ್ ಎಂಬ ಕ್ರಮಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೈ ತೊಳೆಯಲು ಬಂದವರು ಒದ್ದೆ ನೆಲ ತುಳಿಯಬೇಕಾಗಿಲ್ಲ, ಶವರಿನ ನೀರು ಬಾಗಿಲ ಚೌಕಟ್ಟಿಗೆ ಹಾರುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಇಲ್ಲವೇ ಪಕ್ಕಕ್ಕೆ ಸರಿಯುವಂತಿರಲಿ. ಒಳಗೆ ಯಾರಾದರೂ ಜಾರಿಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಹೊರಗಿನವರು ಎಷ್ಟು ತಳ್ಳಿದರೂ ತೆರೆಯದು.

ಹೆಜ್ಜೆ 2: ಮಟ್ಟ ಮತ್ತು ವಾಟ (ಇಳಿಜಾರು)

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗವಿದು. ಹಾಗಾಗಿ ಇಲ್ಲಿ ನಿಧಾನವಾಗಿ ಲೆಕ್ಕ ಹಾಕೋಣ.

ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಹೊರಗಿನ ಕೋಣೆಯ ಮುಗಿದ ನೆಲದಿಂದ ಸರಿಯಾಗಿ 1 ಮೀಟರ್ ಎತ್ತರಕ್ಕೆ ಬಚ್ಚಲಿನ ನಾಲ್ಕೂ ಗೋಡೆಗೆ ಗೆರೆ ಹಾಕಿಸಿ. ಮುಂದಿನ ಎಲ್ಲ ಎತ್ತರಗಳನ್ನೂ ಈ ಗೆರೆಯಿಂದಲೇ ಕೆಳಕ್ಕೋ ಮೇಲಕ್ಕೋ ಅಳೆಯಬೇಕು.

ಈಗ ಲೆಕ್ಕ. ಬಾಗಿಲ ಹತ್ತಿರ ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ 20 ಮಿ.ಮೀ. ಕೆಳಗಿರಲಿ. ಅಲ್ಲಿಂದ 5 ಅಡಿ, ಅಂದರೆ ಸುಮಾರು 1,500 ಮಿ.ಮೀ. ಉದ್ದದ ಒಣ ಭಾಗಕ್ಕೆ 100ಕ್ಕೆ 1ರ ವಾಟ ಕೊಟ್ಟರೆ 15 ಮಿ.ಮೀ. ಇಳಿಯಿತು. ಒಣ ಭಾಗ ಮುಗಿದು ಶವರ್ ಶುರುವಾಗುವಲ್ಲಿ 12 ಮಿ.ಮೀ. ಸಣ್ಣ ಮೆಟ್ಟಿಲಿನಂತೆ ತಗ್ಗಿಸಿ. ಶವರಿನ 900 ಮಿ.ಮೀ. ಭಾಗಕ್ಕೆ 60ಕ್ಕೆ 1ರ ವಾಟ ಎಂದರೆ ಇನ್ನೂ 15 ಮಿ.ಮೀ. ಒಟ್ಟು ಕೂಡಿಸಿದರೆ 62 ಮಿ.ಮೀ. ಅಂದರೆ ನೀರು ಇಳಿಯುವ ಜಾಲರಿಯ ಮೇಲ್ಮೈ ಹೊರಗಿನ ನೆಲಕ್ಕಿಂತ 62 ಮಿ.ಮೀ. ಕೆಳಗಿರಬೇಕು, ಗೋಡೆಯ ಗೆರೆಯಿಂದ ಅಳೆದರೆ 1,062 ಮಿ.ಮೀ.

ಈ ಅಂಕಿಯನ್ನು ಜಾಲರಿ ಬರುವ ಜಾಗದ ಗೋಡೆಯ ಮೇಲೇ ಬರೆದಿಡಿ. ಇದನ್ನು ಹೇಳದೆ ಬಿಟ್ಟರೆ ಪ್ಲಂಬರ್ ತನಗೆ ಅನುಕೂಲವಾದ ಎತ್ತರಕ್ಕೆ ಟ್ರ್ಯಾಪ್ (ಜಾಲರಿಯ ಕೆಳಗೆ ಸ್ವಲ್ಪ ನೀರು ನಿಲ್ಲಿಸಿಕೊಳ್ಳುವ ಬಾಗಿದ ಕೊಳವೆ) ಕೂರಿಸಿ ಹೋಗುತ್ತಾರೆ. ಒಂದು ವಾರದ ಮೇಲೆ ಟೈಲ್ಸ್ ಹಾಕಲು ಬಂದ ಮೇಸ್ತ್ರಿಗೆ ವಾಟ ಕೊಡಲು ಎತ್ತರವೇ ಉಳಿದಿರುವುದಿಲ್ಲ. ನೆಲ ಸಪಾಟಾಗುತ್ತದೆ, ಮೂಲೆಯಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. ಎಲ್ಲರೂ ಮೇಸ್ತ್ರಿಯನ್ನು ದೂರುತ್ತಾರೆ, ಆದರೆ ತಪ್ಪು ನಡೆದದ್ದು ಅದಕ್ಕೂ ಮೊದಲೇ.

ಜಾಲರಿಯನ್ನು ಕೋಣೆಯ ನಟ್ಟನಡುವೆ ಇಡಬೇಡಿ. ನಾಲ್ಕು ದಿಕ್ಕಿನಿಂದಲೂ ವಾಟ ಬರಬೇಕಾದರೆ ದೊಡ್ಡ ಟೈಲನ್ನು ಲಕೋಟೆಯ ಮಡಿಕೆಯಂತೆ ಕರ್ಣಕ್ಕೆ ಕತ್ತರಿಸಬೇಕಾಗುತ್ತದೆ. ಗೋಡೆಯ ಬದಿಗೆ ಉದ್ದನೆಯ ಚಾನೆಲ್ ಜಾಲರಿ ಹಾಕಿದರೆ ಒಂದೇ ದಿಕ್ಕಿನ ವಾಟ ಸಾಕು, ಟೈಲ್ ಇಡಿಯಾಗಿ ಕೂರುತ್ತದೆ.

ಹೆಜ್ಜೆ 3: ಹೊರಹೋಗುವ ಪೈಪುಗಳು

ಕಮೋಡಿಗೆ 110 ಮಿ.ಮೀ., ನೆಲದ ಟ್ರ್ಯಾಪಿಗೆ 75 ಮಿ.ಮೀ., ಬೇಸಿನ್‌ಗೆ 40 ಅಥವಾ 50 ಮಿ.ಮೀ. ಪೈಪ್. ಕಮೋಡಿನ ಪೈಪಿಗೆ 40ರಿಂದ 60ಕ್ಕೆ 1ರ ಇಳಿಜಾರು ಬೇಕು. 2 ಮೀಟರ್ ಉದ್ದವಿದ್ದರೆ 40ಕ್ಕೆ 1ರಂತೆ 50 ಮಿ.ಮೀ. ಇಳಿಯಬೇಕಾಗುತ್ತದೆ. ಹೀಗಾಗಿ ಕಮೋಡನ್ನು ಹೊರಗಿನ ಲಂಬ ಪೈಪಿನ ಪಕ್ಕದ ಗೋಡೆಗೇ ಇಡುವುದು ಜಾಣತನ. 90 ಡಿಗ್ರಿಯ ಒಂದು ಬೆಂಡ್ ಹಾಕುವ ಕಡೆ 45ರ ಎರಡು ಬೆಂಡ್ ಹಾಕಿದರೆ ಕಟ್ಟಿಕೊಳ್ಳುವುದು ಕಡಿಮೆ.

ಟ್ರ್ಯಾಪಿನೊಳಗೆ ಕನಿಷ್ಠ 50 ಮಿ.ಮೀ. ನೀರು ಸದಾ ನಿಂತಿರಬೇಕು. ಚರಂಡಿಯ ವಾಸನೆಯನ್ನೂ ಹುಳುಗಳನ್ನೂ ತಡೆಯುವುದು ಆ ನೀರೇ. ಫ್ಲಶ್ ಮಾಡಿದಾಗ ನೆಲದ ಜಾಲರಿಯಲ್ಲಿ ಗುಳುಗುಳು ಸದ್ದು ಬಂದರೆ, ಪೈಪಿನಲ್ಲಿ ಇಳಿಯುವ ನೀರು ತನ್ನ ಹಿಂದೆ ಗಾಳಿ ಸಿಗದೆ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತಿದೆ ಎಂದರ್ಥ. ಲಂಬ ಪೈಪಿನ ತುದಿಯನ್ನು ತಾರಸಿಯ ಮೇಲಕ್ಕೆ ಒಯ್ದು ಗಾಳಿಗೆ ತೆರೆದಿಡುವುದೇ ಇದಕ್ಕೆ ಮದ್ದು. ಸುಗಂಧದ ಗುಳಿಗೆಯಿಂದ ಇದು ಸರಿಹೋಗದು.

ಕಮೋಡ್ ಖರೀದಿಸುವ ಮೊದಲೇ ಅದರ ಹೊರಕೊಳವೆ ನೆಲಕ್ಕೋ ಗೋಡೆಗೋ ಎಂದು ನಿರ್ಧರಿಸಿ. ನೆಲಕ್ಕಿಳಿಯುವ ಎಸ್ ಟ್ರ್ಯಾಪ್ ಮಾದರಿಯಲ್ಲಿ ಗೋಡೆಯಿಂದ ರಂಧ್ರದ ನಡುವಿಗೆ 9 ಇಂಚು, 12 ಇಂಚು ಹೀಗೆ ಬೇರೆ ಬೇರೆ ಅಳತೆಗಳಿವೆ. ಇದೂ ಮುಗಿದ ಗೋಡೆಯಿಂದಲೇ. ಇಟ್ಟಿಗೆಯಿಂದ 9 ಇಂಚು ಅಳೆದು ಪೈಪ್ ಹೂತರೆ ಕೊನೆಗೆ ಉಳಿಯುವುದು 8 ಇಂಚಿಗಿಂತ ಕಡಿಮೆ. ಫ್ಲಶ್ ಟ್ಯಾಂಕ್ ಗೋಡೆಗೆ ಒತ್ತುತ್ತದೆ, ಕಮೋಡ್ ಕೂರುವುದೇ ಇಲ್ಲ. ಗೋಡೆಗೆ ತೂಗುಹಾಕುವ ಕಮೋಡಾದರೆ ಅದರ ಉಕ್ಕಿನ ಚೌಕಟ್ಟನ್ನು ಗೋಡೆ ಮುಗಿಸುವ ಮೊದಲೇ ಕೂರಿಸಬೇಕು. ಕೂರುವ ಎತ್ತರ ಮುಗಿದ ನೆಲದಿಂದ 400ರಿಂದ 420 ಮಿ.ಮೀ. ಬರುವಂತೆ ನೋಡಿಕೊಳ್ಳಿ.

ಹೆಜ್ಜೆ 4: ಒಳಬರುವ ನೀರು

ದೊಡ್ಡ ಮಳೆ ಶವರ್ ಹಾಕಿಸುವ ಮುನ್ನ ನಿಮ್ಮ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸಿಗುವ ಒತ್ತಡ ಸುಮಾರು 1 ಬಾರ್. ಟ್ಯಾಂಕ್ ಶವರಿಗಿಂತ 3 ಮೀಟರ್ ಮಾತ್ರ ಮೇಲಿದ್ದರೆ 0.3 ಬಾರ್ ಸಿಕ್ಕೀತು. ಮಳೆ ಶವರ್ ಚೆನ್ನಾಗಿ ಸುರಿಯಲು 1 ಬಾರ್ ಹತ್ತಿರ ಬೇಕು. ಇಲ್ಲದಿದ್ದರೆ ತೊಟ್ಟಿಕ್ಕುತ್ತದೆ ಅಷ್ಟೆ. ಪ್ರೆಶರ್ ಪಂಪ್ ಹಾಕಬೇಕು, ಇಲ್ಲವೇ ಸಣ್ಣ ಶವರಿಗೆ ತೃಪ್ತರಾಗಬೇಕು. ಪಂಪ್ ಹಾಕುವುದಾದರೆ ಅದಕ್ಕೆ ಬೇಕಾದ ವಿದ್ಯುತ್ ಪಾಯಿಂಟನ್ನು ಈಗಲೇ ಯೋಚಿಸಿ.

ಗೀಸರ್ ಗಾತ್ರಕ್ಕೂ ಊಹೆ ಬೇಡ. 25 ಲೀಟರ್ ಗೀಸರಿನ 60 ಡಿಗ್ರಿಯ ನೀರಿಗೆ 20 ಡಿಗ್ರಿಯ ತಣ್ಣೀರು ಸಮನಾಗಿ ಬೆರೆತರೆ 40 ಡಿಗ್ರಿಯ 50 ಲೀಟರ್ ಸಿಗುತ್ತದೆ. ನಿಮಿಷಕ್ಕೆ 8 ಲೀಟರ್ ಸುರಿಸುವ ಶವರಿಗೆ ಅದು ಆರು ನಿಮಿಷಕ್ಕೆ ಸಾಕು. 15 ಲೀಟರಿನದಾದರೆ ನಾಲ್ಕು ನಿಮಿಷವೂ ಬಾರದು. ಆ 25 ಲೀಟರನ್ನು 2 ಕಿಲೋವ್ಯಾಟ್ ಗೀಸರ್ ಮತ್ತೆ ಕಾಯಿಸಲು 35 ನಿಮಿಷ ತೆಗೆದುಕೊಳ್ಳುತ್ತದೆ. ಬೆಳಿಗ್ಗೆ ಮೂವರು ಸಾಲಾಗಿ ಸ್ನಾನಕ್ಕೆ ಹೋಗುವ ಮನೆಯಲ್ಲಿ ಈ ಲೆಕ್ಕ ಮುಖ್ಯ. ಗೀಸರ್ ಶವರಿಗೆ ಹತ್ತಿರವಿರಲಿ. ಒಳವ್ಯಾಸ 20 ಮಿ.ಮೀ. ಇರುವ ಪೈಪ್ 10 ಮೀಟರ್ ಉದ್ದಕ್ಕೆ ಹೋದರೆ, ಬಿಸಿನೀರು ಬರುವ ಮೊದಲು ಪ್ರತಿ ಸಲ 3 ಲೀಟರ್ ತಣ್ಣೀರು ವ್ಯರ್ಥವಾಗಿ ಹರಿದುಹೋಗುತ್ತದೆ.

ಪೈಪ್ ಹಾಕುವಾಗ ಬಿಸಿ ಎಡಕ್ಕೆ, ತಣ್ಣನೆಯದು ಬಲಕ್ಕೆ. ಗೋಡೆಯ ಮಿಕ್ಸರಿಗೆ (ಬಿಸಿ, ತಣ್ಣೀರು ಬೆರೆಸುವ ನಲ್ಲಿ) ಎರಡು ಬಿಂದುಗಳ ನಡುವೆ 150 ಮಿ.ಮೀ., ಎರಡೂ ರಸಮಟ್ಟಕ್ಕೆ ಸರಿಯಾಗಿ. ಮಿಕ್ಸರ್ 1,000ರಿಂದ 1,100 ಮಿ.ಮೀ. ಎತ್ತರಕ್ಕೆ, ಶವರ್ ತಲೆ 2,100 ಮಿ.ಮೀ.ಗೆ. ಗೋಡೆಯೊಳಗೆ ಹೂಳುವ ಡೈವರ್ಟರ್ (ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ಸಾಧನ) ಆದರೆ ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಮುಗಿದ ಟೈಲಿನ ಮೈ ಆ ಎರಡರ ನಡುವೆಯೇ ಬರಬೇಕು. ಆಳಕ್ಕೆ ಹೂತರೆ ಹಿಡಿ ಹೊರಗೆ ಸಿಗದು, ಮೇಲಕ್ಕೆ ಇಟ್ಟರೆ ತಟ್ಟೆ ಗೋಡೆಗೆ ಕೂರದು.

ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್) ಪೈಪಿಗೆ ಅಂಟು ಹಾಕಿದ ಮೇಲೆ ಒಂದು ದಿನ ಒಣಗಲು ಬಿಡಿ. ಆಮೇಲೆ ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿ, ಗಾಳಿ ಹೊರಹೋಗುವಂತೆ ನೀರು ತುಂಬಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡಿ. ಈ ಪರೀಕ್ಷೆಗೆ ಮುಂಚೆ ಒಂದು ಕರಣೆ ಗಾರೆಯೂ ಗೋಡೆಗೆ ಬೀಳಬಾರದು. ಪರೀಕ್ಷೆ ಮುಗಿದ ಕೂಡಲೇ ಟೇಪ್ ಹಿಡಿದು ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ. ಮುಂದೊಂದು ದಿನ ಕನ್ನಡಿಗೆ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಎಂದು ತಿಳಿಯುವುದು ಆ ಫೋಟೊದಿಂದಲೇ.

ವಯಸ್ಸಾದವರು ಹಿಡಿದು ಏಳಲು ಬೇಕಾಗುವ ಸರಳುಗಳ ಜಾಗವನ್ನೂ ಈಗಲೇ ಗುರುತಿಸಿ. ಕಮೋಡಿನ ಪಕ್ಕ, ಶವರಿನ ಗೋಡೆ, ನೆಲದಿಂದ 33ರಿಂದ 36 ಇಂಚು ಎತ್ತರ. ಅಲ್ಲಿ ಪೊಳ್ಳು ಬ್ಲಾಕ್ ಇರದೆ ಗಟ್ಟಿ ಇಟ್ಟಿಗೆ ಇರಲಿ. ಬರೀ ಟೈಲಿಗೆ ತಿರುಪು ಹಾಕಿದ ಸರಳು ಮೈಭಾರ ಬಿದ್ದಾಗ ಕಿತ್ತು ಬರುತ್ತದೆ.

ಹೆಜ್ಜೆ 5: ವಾಟರ್‌ಪ್ರೂಫಿಂಗ್

ದುಡ್ಡು ಕಡಿಮೆಬಿದ್ದರೆ ನಲ್ಲಿಯಲ್ಲಿ ಉಳಿಸಿ, ಟೈಲಿನಲ್ಲಿ ಉಳಿಸಿ, ಇಲ್ಲಿ ಮಾತ್ರ ಬೇಡ. ನಲ್ಲಿ ಅರ್ಧ ಗಂಟೆಯಲ್ಲಿ ಬದಲಾಗುತ್ತದೆ. ಇದನ್ನು ಬದಲಿಸಲು ಇಡೀ ನೆಲ ಒಡೆಯಬೇಕು.

ಮೊದಲು ಸ್ಲ್ಯಾಬನ್ನು ಉಜ್ಜಿ, ಸಡಿಲ ಸಿಮೆಂಟ್, ಮರಳು, ಎಣ್ಣೆ ಕಲೆ ಏನೂ ಇಲ್ಲದಂತೆ ತೊಳೆಯಿರಿ. ಪೈಪ್ ಸ್ಲ್ಯಾಬನ್ನು ದಾಟುವ ಕಡೆ ಸುತ್ತ ಸ್ವಲ್ಪ ಕೊರೆದು, ಕುಗ್ಗದ ಗ್ರೌಟ್ (ಸಂದಿ ತುಂಬುವ ಮಿಶ್ರಣ) ತುಂಬಿ. ನೆಲ ಮತ್ತು ಗೋಡೆ ಸೇರುವ ಮೂಲೆ ಚೂಪಾಗಿರಬಾರದು. ಅಲ್ಲಿ ಗಾರೆಯಿಂದ 20ರಿಂದ 25 ಮಿ.ಮೀ. ಗುಂಡನೆ ಅಂಚು ಕಟ್ಟಿಸಿ. ಚೂಪು ಮೂಲೆಯಲ್ಲಿ ಲೇಪ ತೆಳುವಾಗುತ್ತದೆ, ಕಟ್ಟಡ ಕೂದಲೆಳೆಯಷ್ಟು ಅಲುಗಿದರೂ ಸೀಳುತ್ತದೆ. ಆ ಅಂಚಿನ ಮೇಲೂ ಪೈಪುಗಳ ಸುತ್ತಲೂ ಮೊದಲ ಲೇಪ ಹಸಿಯಿರುವಾಗಲೇ ಫೈಬರ್ ಜಾಲರಿಯ ಪಟ್ಟಿ ಒತ್ತಿ ಕೂರಿಸಿ.

ಪುಡಿ ಮತ್ತು ದ್ರವ ಬೆರೆಸುವ ಸಿಮೆಂಟ್-ಅಕ್ರಿಲಿಕ್ ಲೇಪ ಮನೆಯ ಬಚ್ಚಲಿಗೆ ಸಾಕು. ಡಬ್ಬಿಯ ಮೇಲಿನ ಪ್ರಮಾಣಕ್ಕೆ ತೂಗಿಯೇ ಬೆರೆಸಬೇಕು, ಕಣ್ಣಳತೆಗೆ ನೀರು ಸೇರಿಸಬಾರದು. ಮೊದಲ ಲೇಪ ಒಂದು ದಿಕ್ಕಿಗೆ, ಒಣಗಿದ ಮೇಲೆ ಎರಡನೆಯದು ಅದಕ್ಕೆ ಅಡ್ಡವಾಗಿ. ಎರಡಕ್ಕೂ ಬೇರೆ ಬಣ್ಣ ಸಿಕ್ಕರೆ ಹಾಗೇ ಮಾಡಿ: ಬೂದು ಬಣ್ಣದ ಮೇಲೆ ಬಿಳಿ ಹಚ್ಚಿದಾಗ ಬಿಟ್ಟುಹೋದ ಜಾಗ ಕಣ್ಣಿಗೆ ರಾಚುತ್ತದೆ. ಲೇಪ ಗೋಡೆಯ ಮೇಲೆ 300 ಮಿ.ಮೀ. ಎತ್ತರಕ್ಕೆ ಹತ್ತಬೇಕು, ಶವರಿನ ಗೋಡೆಗಳಲ್ಲಿ 1,800 ಮಿ.ಮೀ.ವರೆಗೆ.

ಹೊಸ್ತಿಲನ್ನು ಮರೆಯಬೇಡಿ. ನೆಲಕ್ಕೆ ಚೆನ್ನಾಗಿ ಹಚ್ಚಿ ಹೊಸ್ತಿಲಿನ ಹತ್ತಿರ ನಿಲ್ಲಿಸಿಬಿಟ್ಟರೆ ಟೈಲ್ ಕೆಳಗಿನ ತೇವ ಅಲ್ಲಿಂದಲೇ ಮಲಗುವ ಕೋಣೆಗೆ ದಾಟುತ್ತದೆ. ಹೊಸ್ತಿಲ ಕಲ್ಲನ್ನು ಲೇಪ ಹಚ್ಚಿದ ಮೇಲೆ, ಒಳಕ್ಕೆ ಸ್ವಲ್ಪ ವಾಲಿಸಿ ಕೂರಿಸಬೇಕು. ಬಾಗಿಲ ಚೌಕಟ್ಟಿನ ಬುಡ ಕೊಳೆಯುವುದಕ್ಕೆ ಹೆಚ್ಚಿನ ಸಲ ಕಾರಣ ಇದೊಂದೇ.

ಈಗ ನೀರು ನಿಲ್ಲಿಸುವ ಪರೀಕ್ಷೆ. ತಯಾರಕರು ಹೇಳಿದಷ್ಟು ದಿನ ಲೇಪ ಗಟ್ಟಿಯಾದ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, 2 ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ಪೆನ್ಸಿಲ್‌ನಿಂದ ನೀರಿನ ಮಟ್ಟ ಗುರುತಿಸಿ. ಅದೇ ಕೋಣೆಯಲ್ಲಿ ನೇರ ಅಂಚಿನ ಒಂದು ಪಾತ್ರೆಯಲ್ಲೂ ನೀರಿಟ್ಟು ಗುರುತು ಹಾಕಿ. 48 ಗಂಟೆ ಕಳೆದ ಮೇಲೆ ಪಾತ್ರೆಯಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆವಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ. ಕೆಳಗಿನ ಸೀಲಿಂಗನ್ನೂ ಹೊರಗೋಡೆಯನ್ನೂ ಕೈಯಿಂದ ಮುಟ್ಟಿ ನೋಡಿ.

ಸಂಕನ್ ಸ್ಲ್ಯಾಬ್ (ಬಚ್ಚಲಿನ ಭಾಗವನ್ನು ತಗ್ಗಿಸಿ ಕಟ್ಟಿದ ಸ್ಲ್ಯಾಬ್) ಆದರೆ ಇದೇ ಕೆಲಸ ಎರಡು ಸಲ: ಒಮ್ಮೆ ತಗ್ಗಿನ ತಳದಲ್ಲಿ, ಇನ್ನೊಮ್ಮೆ ಅದನ್ನು ತುಂಬಿ ವಾಟ ಕೊಟ್ಟ ಮೇಲೆ. ತಗ್ಗಿನ ತಳದಿಂದ ಹೊರಕ್ಕೆ ಒಂದು ಸಣ್ಣ ಪೈಪ್ ಇಡಿಸಿ. ಒಳಗೆಲ್ಲಾದರೂ ಸೋರಿದರೆ ನೀರು ಅಲ್ಲಿಂದ ಜಿನುಗಿ ನಿಮಗೆ ಸುದ್ದಿ ಮುಟ್ಟಿಸುತ್ತದೆ. ಇಲ್ಲದಿದ್ದರೆ ಆ ತಗ್ಗು ವರ್ಷಗಟ್ಟಲೆ ಕಣ್ಣಿಗೆ ಕಾಣದ ಕೊಳವಾಗಿರುತ್ತದೆ.

ಹೆಜ್ಜೆ 6: ವಿದ್ಯುತ್ತು, ಗಾಳಿ

ಶವರ್ ಜಾಗದ ಅಂಚಿನಿಂದ 600 ಮಿ.ಮೀ. ಒಳಗೆ ಸ್ವಿಚ್, ಸಾಕೆಟ್ ಯಾವುದೂ ಇರಬಾರದು. ಗೀಸರಿನ ಸ್ವಿಚ್ ಬಾಗಿಲಿನ ಹೊರಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ಲೈನ್ ಬೇಕು, ತಾಮ್ರದ ವೈರ್ 2.5 ಚದರ ಮಿ.ಮೀ.ಗಿಂತ ಕಡಿಮೆ ಬೇಡ, 4 ಆದರೆ ನಿಶ್ಚಿಂತೆ. ಇಡೀ ಬಚ್ಚಲಿನ ಲೈನಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಇರಲೇಬೇಕು. ಒದ್ದೆ ಮೈಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಅರ್ಥಿಂಗ್ ಜೊತೆಗೆ ಜೀವ ಕಾಯುವುದು ಆ ಪುಟ್ಟ ಸಾಧನ. ಶವರಿನ ಹತ್ತಿರದ ದೀಪಕ್ಕೆ, ನೀರು ಸಿಡಿದರೂ ಕೆಡದು ಎಂದು ಹೇಳುವ ಐಪಿಎಕ್ಸ್4 ಗುರುತಿರಲಿ.

ಎಕ್ಸಾಸ್ಟ್ ಫ್ಯಾನಿನ ಲೆಕ್ಕ ಹೀಗೆ: 5×8×9 ಅಡಿಯ ಕೋಣೆ ಎಂದರೆ 360 ಘನ ಅಡಿ. ಗಂಟೆಗೆ ಎಂಟು ಸಲ ಗಾಳಿ ಬದಲಾಗಬೇಕಾದರೆ ನಿಮಿಷಕ್ಕೆ 48 ಘನ ಅಡಿ. ಆದರೆ ಗಾಳಿ ಹೊರಹೋಗಬೇಕಾದರೆ ಎಲ್ಲಿಂದಲಾದರೂ ಒಳಗೆ ಬರಬೇಕಲ್ಲ! ಬಾಗಿಲಿನ ಅಡಿಯಲ್ಲಿ 15 ಮಿ.ಮೀ. ಸಂದಿ ಬಿಡಿ, ಫ್ಯಾನನ್ನು ಬಾಗಿಲಿಗೆ ಎದುರಾಗಿ ಇಡಿ. ಸ್ನಾನ ಮುಗಿದ ಮೇಲೂ 15-20 ನಿಮಿಷ ಓಡಿದರೆ ಸೀಲಿಂಗಿನಲ್ಲಿ ಬೂಷ್ಟು ಬಾರದು.

ಕನ್ನಡಿಯ ದೀಪ ಮುಖದ ಎರಡೂ ಬದಿಗೆ ಬರಲಿ. ಸೀಲಿಂಗಿನದೊಂದೇ ದೀಪವಾದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ.

ಹೆಜ್ಜೆ 7: ಈಗ ಟೈಲ್ಸ್ ಅಂಗಡಿಗೆ ಹೋಗಿ

ನೆಲಕ್ಕೆ ಆರ್10, ಶವರಿಗೆ ಆರ್11 ದರ್ಜೆಯ ಜಾರದ ಟೈಲ್ ಕೇಳಿ. ಅಂಗಡಿಯಲ್ಲಿ ಒಣ ಟೈಲ್ ಮುಟ್ಟಿ ತೀರ್ಮಾನಿಸಬೇಡಿ. ಒಂದನ್ನು ನೆಲದ ಮೇಲಿಟ್ಟು, ನೀರು ಚಿಮುಕಿಸಿ, ಬರಿಗಾಲಿನಲ್ಲಿ ಉಜ್ಜಿ ನೋಡಿ. ಶವರಿನಲ್ಲಿ ಸಣ್ಣ ಟೈಲ್ ಒಳ್ಳೆಯದು: ಸಂದಿಗಳು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ, ವಾಟಕ್ಕೂ ಸುಲಭವಾಗಿ ಬಾಗುತ್ತದೆ.

ಎಷ್ಟು ಬೇಕು? 5×8 ಅಡಿ ಕೋಣೆಯ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ 182 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 160. ನೆಲ 40. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಶೇಕಡ 10 ಸೇರಿಸಿ ಗೋಡೆಗೆ 176, ನೆಲಕ್ಕೆ 44. ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಎಲ್ಲವೂ ಒಂದೇ ಇದೆಯೇ ನೋಡಿಯೇ ಗಾಡಿಗೆ ಹೇರಿಸಿ. ಬ್ಯಾಚ್ ಬೇರೆಯಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ.

ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇಕಡ 0.5ಕ್ಕಿಂತ ಕಡಿಮೆ. ಹಾಗಾಗಿ ಸಿಮೆಂಟ್ ತಿಳಿ ಅದನ್ನು ಹಿಡಿಯುವುದಿಲ್ಲ, ಟೈಲ್ ಅಂಟನ್ನೇ ಬಳಸಬೇಕು. ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಬಳಿಯಬೇಕೇ ಹೊರತು ನಾಲ್ಕು ಮೂಲೆಗೆ ಉಂಡೆ ಇಟ್ಟು ಒತ್ತಬಾರದು. ಮರುದಿನ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಟೈಲನ್ನು ಆಗಲೇ ಕೀಳಿಸಿ. ಆ ಪೊಳ್ಳಿನಲ್ಲೇ ಮುಂದೆ ನೀರು ನಿಲ್ಲುವುದು.

1,500 ಮಿ.ಮೀ. ಗೋಡೆಗೆ 600ರ ಟೈಲ್ ಒಂದು ಬದಿಯಿಂದ ಶುರುಮಾಡಿದರೆ ಕೊನೆಗೆ 300ರ ತುಂಡು ಉಳಿಯುತ್ತದೆ. ಇಡೀ ಟೈಲನ್ನು ನಡುವೆ ಇಟ್ಟು ಎರಡು ಬದಿಗೆ 450 ಹಾಕಿದರೆ ಗೋಡೆ ಸಮನಾಗಿ ಕಾಣುತ್ತದೆ. ಸಂದಿ 2ರಿಂದ 3 ಮಿ.ಮೀ. ಬಿಡಿಸಿ, ಎಪಾಕ್ಸಿ ಗ್ರೌಟ್ ತುಂಬಿಸಿ. ಗೋಡೆ ಗೋಡೆಗೆ, ಗೋಡೆ ನೆಲಕ್ಕೆ ಸೇರುವ ಮೂಲೆಗಳಲ್ಲಿ ಮಾತ್ರ ಗ್ರೌಟ್ ಬೇಡ. ಅಲ್ಲಿ ಅಲುಗಾಟವಿರುವುದರಿಂದ ಬಿರುಕು ಬಿಡುತ್ತದೆ, ಬೂಷ್ಟು ತಡೆಯುವ ಸಿಲಿಕೋನ್ ಹಾಕಿ.

ಹೆಜ್ಜೆ 8: ಕೂರಿಸುವುದು, ಒಪ್ಪಿಕೊಳ್ಳುವುದು

ಶವರಿನ ಗಾಜನ್ನು ಟೈಲ್ಸ್ ಮುಗಿದ ಮೇಲೆಯೇ ಅಳೆಸಿ, ಕೆಳಗೆ, ನಡುವೆ, ಮೇಲೆ ಮೂರು ಕಡೆ. 8 ಅಥವಾ 10 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಒಮ್ಮೆ ತಯಾರಾದ ಮೇಲೆ ಕತ್ತರಿಸಲೂ ಬರುವುದಿಲ್ಲ, ಕೊರೆಯಲೂ ಬರುವುದಿಲ್ಲ.

ಕೆಲಸದವರ ಲೆಕ್ಕ ಚುಕ್ತಾ ಮಾಡುವ ಮೊದಲು ಒಂದು ಬಕೆಟ್ ನೀರನ್ನು ಬಾಗಿಲ ಬಳಿಯಿಂದ ಸುರಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲಾದರೂ ನೀರು ನಿಂತಿದ್ದರೆ ಅದರ ಪಕ್ಕ ನಾಣ್ಯ ಇಡಿ. ನಾಣ್ಯದ ದಪ್ಪಕ್ಕಿಂತ ಆಳವಾದ ಹೊಂಡವನ್ನು ಒಪ್ಪಬೇಡಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದು, ಬೇಸಿನ್ ತುಂಬಿಸಿ ಒಮ್ಮೆಲೇ ಬಿಟ್ಟು, ಅದರ ಕೆಳಗಿನ ಜೋಡಣೆಗಳಿಗೆ ಒಣ ಕಾಗದ ಒತ್ತಿ ನೋಡಿ. ಒಂದೇ ಹನಿ ಜಿನುಗಿದರೂ ಕಾಗದ ತೋರಿಸಿಬಿಡುತ್ತದೆ.

ಉಳಿದ ಟೈಲುಗಳಲ್ಲಿ ಗೋಡೆಯದು ನಾಲ್ಕು, ನೆಲದ್ದು ನಾಲ್ಕು ಎತ್ತಿಡಿ. ಅವುಗಳ ಜೊತೆಗೇ ಪೈಪಿನ ಫೋಟೊಗಳ ಒಂದು ಮುದ್ರಿತ ಪ್ರತಿಯೂ ಇರಲಿ. ಮನೆ ಬೀಗ ಹಾಕಿ ಕೆಲವು ವಾರ ಹೊರಗೆ ಹೋಗುವುದಾದರೆ ನೆಲದ ಟ್ರ್ಯಾಪಿಗೆ ಒಂದು ಚೊಂಬು ನೀರು ಸುರಿದು ಜಾಲರಿ ಮುಚ್ಚಿಟ್ಟು ಹೋಗಿ. ಆ 50 ಮಿ.ಮೀ. ನೀರು ಆವಿಯಾದರೆ ಬಂದ ದಿನ ಬಾಗಿಲು ತೆರೆಯುತ್ತಲೇ ವಾಸನೆ ಎದುರಾಗುತ್ತದೆ.